ಕಪ್ಪು ಪರದೆಯ ಹಿಂದೆ ಕಂಪ್ಯೂಟರ್ ಏನು ಮಾಡುತ್ತಿರುತ್ತದೆ?

ಕಂಪ್ಯೂಟರಿನ ಮುಂದೆ ಕುಳಿತು ಪ್ರಾಜೆಕ್ಟ್ ವರದಿಯನ್ನು ಬೆರಳಚ್ಚು ಮಾಡುತ್ತಿದ್ದೀರಿ. ಕರೆಂಟು ಹೋಯಿತು. ಮನೆಯಲ್ಲಿ ಯುಪಿಎಸ್ ಇಲ್ಲ, ಅಥವಾ ಇದ್ದರೂ ಅದರ ಬ್ಯಾಟರಿ ಕೆಲಸ ಬಿಟ್ಟು ವರ್ಷವಾಗಿದೆ. ಅರ್ಧ ಗಂಟೆಯ ನಂತರ ಕರೆಂಟು ಬಂದಾಗ ಗುಂಡಿ ಒತ್ತಿದಿರಿ. ತಯಾರಕರ ಲಾಂಛನ ಕಾಣಿಸಿತು, ಒಂದು ಕ್ಷಣ ಏನೋ ಬಿಳಿ ಅಕ್ಷರಗಳು ಮಿನುಗಿದವು, ಆಮೇಲೆ ಪರದೆ ಪೂರ್ತಿ ಕಪ್ಪು. ಒಳಗೆ ಫ್ಯಾನು ತಿರುಗುವ ಸದ್ದು ಕೇಳಿಸುತ್ತಿದೆ. ಐದು ನಿಮಿಷವಾಯಿತು, ಹತ್ತು ನಿಮಿಷವಾಯಿತು, ಪರದೆಯಲ್ಲಿ ಒಂದು ಚುಕ್ಕೆಯೂ ಇಲ್ಲ. ನಾಡಿದ್ದು ವರದಿ ಒಪ್ಪಿಸಬೇಕು. ಕೈ ತಾನಾಗಿಯೇ ಮತ್ತೆ ಆ ಗುಂಡಿಯ ಕಡೆಗೆ ಹೋಗುತ್ತದೆ.

ಆ ಕೈಯನ್ನು ಏಕೆ ತಡೆಯಬೇಕು, ಎಷ್ಟು ಹೊತ್ತು ತಡೆಯಬೇಕು, ತಡೆದ ಮೇಲೆ ಏನನ್ನು ಗಮನಿಸಬೇಕು ಎಂಬುದನ್ನು ಇಲ್ಲಿ ನೋಡೋಣ. ಪರದೆಯ ಮೇಲಿನ ಮಾತುಕತೆಯಲ್ಲಿ ಇಂಥ ವಿವರಗಳಿಗೆ ಸಮಯ ಸಾಲುವುದಿಲ್ಲ. ಮುದ್ರಿತ ಪುಟದಲ್ಲಾದರೆ ನಿಧಾನವಾಗಿ ಓದಿಕೊಳ್ಳಬಹುದು, ಬೇಕಾದಾಗ ಮತ್ತೆ ತೆರೆದು ನೋಡಬಹುದು. ಕಂಪ್ಯೂಟರ್ ಕೈಕೊಟ್ಟ ದಿನ ಕಾಗದದ ಮೇಲಿರುವ ಮಾತೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಪರದೆ ಕಪ್ಪಾಗಿರುವುದು ಒಂದು ಸಂಗತಿ, ಕಂಪ್ಯೂಟರ್ ಕೆಲಸ ನಿಲ್ಲಿಸಿರುವುದು ಇನ್ನೊಂದು ಸಂಗತಿ. ಟೆಲಿವಿಷನ್ ಸ್ಟುಡಿಯೋಕ್ಕೆ ಕೆಲಸಕ್ಕೆ ಬಂದವರು ಈ ವ್ಯತ್ಯಾಸವನ್ನು ಮೊದಲ ವಾರದಲ್ಲೇ ಕಲಿಯುತ್ತಾರೆ. ನಿಯಂತ್ರಣ ಕೊಠಡಿಯಲ್ಲಿ ಸಾಲಾಗಿ ಜೋಡಿಸಿದ ಮಾನಿಟರುಗಳಲ್ಲಿ ಒಂದು ಕಪ್ಪಾದರೆ ಕಾರ್ಯಕ್ರಮವೇ ನಿಂತಿತೆಂದು ಯಾರೂ ಕೂಗುವುದಿಲ್ಲ. ಕ್ಯಾಮೆರಾ ಚಿತ್ರ ಕಳಿಸುತ್ತಿದೆಯೇ, ಕೇಬಲ್ ಸರಿಯಾಗಿ ಕೂತಿದೆಯೇ, ಅಥವಾ ಮಾನಿಟರೇ ಕೆಟ್ಟಿದೆಯೇ ಎಂದು ಒಂದೊಂದಾಗಿ ನೋಡುತ್ತೇವೆ. ಎಷ್ಟೋ ಸಲ ಪ್ರಸಾರ ಮನೆಮನೆಗೂ ಸರಿಯಾಗಿಯೇ ಹೋಗುತ್ತಿರುತ್ತದೆ, ನಮ್ಮೆದುರಿನ ಪೆಟ್ಟಿಗೆಗೆ ಮಾತ್ರ ಚಿತ್ರ ತಲುಪಿರುವುದಿಲ್ಲ. ಕಂಪ್ಯೂಟರಿನಲ್ಲೂ ಡಿಸ್ಕಿನ ಕೆಲಸದ ದಾರಿ ಬೇರೆ, ಚಿತ್ರದ ದಾರಿ ಬೇರೆ. ಚಿತ್ರದ ದಾರಿ ಕಡಿದ ಮಾತ್ರಕ್ಕೆ ಡಿಸ್ಕಿನ ಕೆಲಸ ನಿಂತಿತೆಂದು ತಿಳಿಯಬಾರದು.

ಡಿಸ್ಕಿನ ಪಹಣಿ

ಕರೆಂಟು ಹೋಗಿ ಬಂದ ಮೇಲೆ ಡಿಸ್ಕನ್ನು ತಪಾಸಣೆ ಮಾಡುವ ಅಗತ್ಯವಾದರೂ ಏನು? ಇದು ತಿಳಿಯಬೇಕಾದರೆ ಡಿಸ್ಕಿನಲ್ಲಿ ಫೈಲುಗಳು ಹೇಗೆ ಕುಳಿತಿರುತ್ತವೆ ಎಂಬುದನ್ನು ನೋಡಬೇಕು.

ನಿಮ್ಮ ವರದಿ ಡಿಸ್ಕಿನಲ್ಲಿ ಒಂದೇ ತುಂಡಾಗಿ ಇರಬೇಕೆಂದೇನೂ ಇಲ್ಲ. ಡಿಸ್ಕಿನ ಜಾಗವನ್ನೆಲ್ಲ ಸಮನಾದ ಸಣ್ಣ ಬ್ಲಾಕುಗಳಾಗಿ ವಿಂಗಡಿಸಿರುತ್ತಾರೆ. ಒಂದೊಂದು ಬ್ಲಾಕು ಸಾಮಾನ್ಯವಾಗಿ 4096 ಬೈಟ್‌ಗಳದ್ದು. ಯಾವ ಫೈಲಿಗೆ ಯಾವ ಯಾವ ಬ್ಲಾಕುಗಳು ಸೇರಿವೆ, ಯಾವುವು ಇನ್ನೂ ಖಾಲಿ ಇವೆ ಎಂಬ ಲೆಕ್ಕವನ್ನೂ ಅದೇ ಡಿಸ್ಕಿನಲ್ಲೇ ಒಂದು ಕಡೆ ಬರೆದಿಡಲಾಗುತ್ತದೆ. ಈ ಲೆಕ್ಕದ ಏರ್ಪಾಡಿಗೆ ಫೈಲ್ ಸಿಸ್ಟಂ ಎಂದು ಹೆಸರು. ಹಳ್ಳಿಯ ಜಮೀನಿಗೂ ತಾಲ್ಲೂಕು ಕಚೇರಿಯ ಪಹಣಿಗೂ ಇರುವ ಸಂಬಂಧವನ್ನು ನೆನೆಸಿಕೊಳ್ಳಿ. ಜಮೀನು ಬೇರೆ, ಪಹಣಿ ಬೇರೆ. ಆದರೆ ಪಹಣಿ ತಪ್ಪಾದರೆ ಜಮೀನು ಇದ್ದೂ ಇಲ್ಲದಂತೆ.

ನೀವು ಒಂದು ಪುಟ ಬರೆದು ಅದನ್ನು ಉಳಿಸಿದಾಗ ಡಿಸ್ಕಿನಲ್ಲಿ ಕನಿಷ್ಠ ಮೂರು ಕಡೆ ಬದಲಾವಣೆ ಆಗಬೇಕು. ಬರೆದ ವಿಷಯ ಹೊಸ ಬ್ಲಾಕಿಗೆ ಹೋಗಬೇಕು. ಆ ಬ್ಲಾಕು ನಿಮ್ಮ ಫೈಲಿನದು ಎಂದು ಫೈಲಿನ ದಾಖಲೆಯಲ್ಲಿ ನಮೂದಾಗಬೇಕು. ಖಾಲಿ ಜಾಗದ ಪಟ್ಟಿಯಿಂದ ಅದರ ಹೆಸರು ಹೋಗಬೇಕು. ಇವು ಮೂರೂ ಒಂದೇ ಕ್ಷಣದಲ್ಲಿ ಆಗುವುದಿಲ್ಲ, ಒಂದಾದ ಮೇಲೆ ಒಂದು ಆಗುತ್ತವೆ. ನಡುವೆ ಕರೆಂಟು ಹೋದರೆ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಖಾಲಿ ಪಟ್ಟಿಯಿಂದ ಹೆಸರು ಹೋಗಿ ಫೈಲಿನ ದಾಖಲೆಗೆ ಬರದಿದ್ದರೆ ಆ ಬ್ಲಾಕು ಯಾರಿಗೂ ಸೇರದ ಬೀಳು ಜಾಗವಾಗುತ್ತದೆ. ಇದರಿಂದ ದೊಡ್ಡ ನಷ್ಟವೇನೂ ಇಲ್ಲ. ಇದಕ್ಕೆ ವಿರುದ್ಧವಾದುದೇ ಅಪಾಯಕರ: ಬ್ಲಾಕು ನಿಮ್ಮ ಫೈಲಿಗೆ ಸೇರಿದೆ, ಆದರೆ ಪಟ್ಟಿಯಲ್ಲಿ ಇನ್ನೂ ಖಾಲಿ ಎಂದೇ ಇದೆ. ನಾಳೆ ನಿಮ್ಮ ತಂಗಿ ಅದೇ ಕಂಪ್ಯೂಟರಿನಲ್ಲಿ ಒಂದು ಹಾಡನ್ನು ತುಂಬಿಸಿಕೊಂಡರೆ ಯಂತ್ರವು ಅದೇ ಬ್ಲಾಕನ್ನು ಹಾಡಿಗೂ ಕೊಡುತ್ತದೆ. ಒಂದೇ ಸರ್ವೆ ನಂಬರು ಇಬ್ಬರ ಹೆಸರಿನಲ್ಲಿ! ಹಾಡು ಬರೆದಾಗ ವರದಿಯ ಮೂರನೆಯ ಪುಟ ಅಳಿಯುತ್ತದೆ. ಯಾವ ಸೂಚನೆಯೂ ಬರುವುದಿಲ್ಲ, ವಾರ ಕಳೆದ ಮೇಲೆ ನೋಡಿದಾಗಲೇ ಗೊತ್ತಾಗುವುದು.

ಇಂಥ ಜಗಳಗಳನ್ನು ಮೊದಲೇ ಹುಡುಕಿ ಬಗೆಹರಿಸುವುದು ತಪಾಸಣೆಯ ಕೆಲಸ. ಯೂನಿಕ್ಸ್ ವ್ಯವಸ್ಥೆಯಲ್ಲಿ ಇದನ್ನು ಮಾಡುವ ಎಫ್‌ಎಸ್‌ಸಿಕೆ ಎಂಬ ಪ್ರೋಗ್ರಾಮನ್ನು 1970ರ ದಶಕದ ಕೊನೆಯ ಭಾಗದಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿದ್ದ ಟಿ. ಜೆ. ಕೋವಾಲ್ಸ್ಕಿ ಬರೆದರು. ಫೈಲ್ ಸಿಸ್ಟಂ ಚೆಕ್ ಎಂಬುದರ ಸಂಕ್ಷೇಪವೇ ಆ ಹೆಸರು. ಇಂದು ಲಿನಕ್ಸ್ ಕಂಪ್ಯೂಟರುಗಳಲ್ಲಿ ಇದೇ ಹೆಸರಿನ, ಇದೇ ಕೆಲಸದ ಪ್ರೋಗ್ರಾಮುಗಳಿವೆ. ಮೈಕ್ರೋಸಾಫ್ಟ್‌ನ ಡಾಸ್‌ನಲ್ಲಿ ಚೆಕ್‌ಡಿಸ್ಕ್ ಎಂಬುದಿತ್ತು. 1993ರ ಡಾಸ್ 6.2ರಲ್ಲಿ ಸ್ಕ್ಯಾನ್‌ಡಿಸ್ಕ್ ಬಂತು. ವಿಂಡೋಸ್ 98ರ ಕಾಲದಲ್ಲಿ ಕರೆಂಟು ಹೋಗಿ ಬಂದಾಗಲೆಲ್ಲ ನೀಲಿ ಪರದೆಯ ಮೇಲೆ ಹಳದಿ ಪಟ್ಟಿಯೊಂದು ನಿಧಾನವಾಗಿ ತೆವಳುತ್ತಿತ್ತು. ನಿಮ್ಮ ಅಣ್ಣಂದಿರನ್ನೋ ಚಿಕ್ಕಪ್ಪನನ್ನೋ ಕೇಳಿದರೆ ಆ ಹಳದಿ ಪಟ್ಟಿಯ ಎದುರು ಕಳೆದ ಸಂಜೆಗಳ ಕತೆ ಹೇಳಿಯಾರು. ಬೇಸರ ತರುತ್ತಿತ್ತು, ನಿಜ. ಆದರೆ ಕೆಲಸ ನಡೆಯುತ್ತಿದೆ ಎಂಬುದು ಕಣ್ಣಿಗೆ ಕಾಣುತ್ತಿತ್ತು.

ಕರೆಂಟು ಅಕಸ್ಮಾತ್ ಹೋಗಿತ್ತೆಂದು ಕಂಪ್ಯೂಟರಿಗೆ ಹೇಗೆ ಗೊತ್ತಾಗುತ್ತದೆ ಎಂಬ ಪ್ರಶ್ನೆ ನಿಮ್ಮಲ್ಲಿ ಕೆಲವರಿಗೆ ಬಂದಿರಬಹುದು. ಉಪಾಯ ಸರಳವಾದದ್ದು. ಡಿಸ್ಕನ್ನು ಬಳಕೆಗೆ ತೆಗೆದುಕೊಂಡಾಗ ಅದರ ಮೇಲೆ 'ಬಳಕೆಯಲ್ಲಿದೆ' ಎಂಬರ್ಥದ ಒಂದು ಗುರುತನ್ನು ಹಾಕಲಾಗುತ್ತದೆ. ಕ್ರಮವಾಗಿ ಮುಚ್ಚಿದಾಗ ಅದನ್ನು ಅಳಿಸಲಾಗುತ್ತದೆ. ಮರುದಿನ ಆರಂಭವಾಗುವಾಗ ಗುರುತು ಹಾಗೆಯೇ ಉಳಿದಿದ್ದರೆ ಹಿಂದಿನ ಸಲ ಕ್ರಮವಾಗಿ ಮುಚ್ಚಿರಲಿಲ್ಲ ಎಂದೇ ಅರ್ಥ.

ಕಿರ್ದಿ ಪುಸ್ತಕ

ಡಿಸ್ಕು ದೊಡ್ಡದಾದಂತೆ ಪ್ರತಿ ಸಲವೂ ಇಡೀ ಲೆಕ್ಕವನ್ನು ತಾಳೆ ನೋಡುವುದು ಕಷ್ಟವಾಯಿತು. ಇದಕ್ಕೆ ಕಂಡುಕೊಂಡ ದಾರಿ ನಮ್ಮ ಕಿರಾಣಿ ಅಂಗಡಿಯವರಿಗೆ ಹೊಸದಲ್ಲ. ಅಂಗಡಿಯಲ್ಲಿ ವ್ಯವಹಾರ ನಡೆದ ತಕ್ಷಣ ಅದನ್ನು ಕಿರ್ದಿಯಲ್ಲಿ ಗುರುತು ಹಾಕಿಕೊಂಡು, ಆಮೇಲೆ ಬಿಡುವಾದಾಗ ಆಯಾ ಗಿರಾಕಿಯ ಖಾತೆಗೆ ಏರಿಸುತ್ತಾರಲ್ಲವೇ? ಖಾತೆಗೆ ಏರಿಸುವಾಗ ಯಾರೋ ಕರೆದು ಕೆಲಸ ಅರ್ಧಕ್ಕೆ ನಿಂತರೂ ಕಿರ್ದಿ ನೋಡಿ ಮುಂದುವರಿಸಬಹುದು. ಎಲ್ಲ ಖಾತೆಗಳನ್ನೂ ತಿರುವಿ ಹಾಕಬೇಕಾಗಿಲ್ಲ, ಕಿರ್ದಿಯ ಕೊನೆಯ ಪುಟ ಸಾಕು. ಈಗಿನ ಫೈಲ್ ಸಿಸ್ಟಂಗಳು ಮಾಡುವುದೂ ಇದನ್ನೇ. ಅವುಗಳ ಕಿರ್ದಿಗೆ ಜರ್ನಲ್ ಎಂದು ಹೆಸರು. ವಿಂಡೋಸ್‌ನ ಎನ್‌ಟಿಎಫ್‌ಎಸ್ ಈ ಬಗೆಯದು, ಅದು ಬಂದದ್ದು 1993ರಲ್ಲಿ. ಲಿನಕ್ಸ್‌ನ ಇಎಕ್ಸ್‌ಟಿ3 2001ರಲ್ಲಿ ಮುಖ್ಯ ಕರ್ನಲ್ಲಿಗೆ ಸೇರಿತು. ಇಂದು ಹೆಚ್ಚಾಗಿ ಬಳಕೆಯಲ್ಲಿರುವ ಇಎಕ್ಸ್‌ಟಿ4 2008ರಲ್ಲಿ ಸಿದ್ಧವಾಯಿತು. ಇವುಗಳಲ್ಲಿ ಕರೆಂಟು ಹೋಗಿ ಬಂದರೆ ಬಹುಪಾಲು ಸಂದರ್ಭಗಳಲ್ಲಿ ಕಿರ್ದಿ ಓದಿ ಸರಿಪಡಿಸುವುದು ಕೆಲವೇ ಸೆಕೆಂಡುಗಳಲ್ಲಿ ಮುಗಿಯುತ್ತದೆ.

ಹಾಗಾದರೆ ದೀರ್ಘ ತಪಾಸಣೆ ಈಗ ಏಕೆ ನಡೆಯುತ್ತದೆ? ಕಿರ್ದಿಯಿಂದಲೂ ಸರಿಹೋಗದ ದೋಷ ಕಣ್ಣಿಗೆ ಬಿದ್ದಾಗ ಕರ್ನಲ್ಲೇ 'ಪೂರ್ತಿ ನೋಡು' ಎಂದು ಗುರುತು ಹಾಕಿಡುತ್ತದೆ. ಹಳೆಯ ಲಿನಕ್ಸ್ ವಿತರಣೆಗಳಲ್ಲಿ ಇನ್ನೊಂದು ಕಾರಣವೂ ಇತ್ತು. ಡಿಸ್ಕನ್ನು ಇಪ್ಪತ್ತು ಮೂವತ್ತು ಸಲ ಬಳಕೆಗೆ ತೆಗೆದುಕೊಂಡ ಮೇಲೆ, ಅಥವಾ 180 ದಿನ ಕಳೆದ ಮೇಲೆ, ದೋಷ ಇರಲಿ ಬಿಡಲಿ ಒಮ್ಮೆ ಪೂರ್ತಿ ತಪಾಸಣೆ ನಡೆಯುತ್ತಿತ್ತು. 2011ರ ನಂತರ ಹೊಸದಾಗಿ ಸಿದ್ಧಪಡಿಸಿದ ಡಿಸ್ಕುಗಳಲ್ಲಿ ಈ ಪದ್ಧತಿಯನ್ನು ಕೈಬಿಟ್ಟಿದ್ದಾರೆ. ಆದರೆ ಎಷ್ಟೋ ಕಾಲೇಜುಗಳ ಪ್ರಯೋಗಾಲಯದ ಹಳೆಯ ಯಂತ್ರಗಳಲ್ಲಿ ಅದಕ್ಕಿಂತ ಹಿಂದಿನ ಡಿಸ್ಕುಗಳು ಸಿಕ್ಕರೆ ಆಶ್ಚರ್ಯವಿಲ್ಲ.

ಚಿತ್ರ ಎಲ್ಲಿ ಹೋಯಿತು?

ಕಂಪ್ಯೂಟರ್ ಆರಂಭವಾಗುವಾಗ ಅಧಿಕಾರ ಹಲವು ಕೈ ಬದಲಾಯಿಸುತ್ತದೆ. ಮೊದಲು ಮದರ್‌ಬೋರ್ಡಿನ ಚಿಪ್ಪಿನಲ್ಲೇ ಇರುವ ಫರ್ಮ್‌ವೇರ್ ಎಚ್ಚರವಾಗುತ್ತದೆ. ತಯಾರಕರ ಲಾಂಛನ ತೋರಿಸುವುದು ಅದೇ. ಅದು ಬೂಟ್‌ಲೋಡರನ್ನು ಕರೆಯುತ್ತದೆ. ಲಿನಕ್ಸ್‌ನಲ್ಲಿ ಅದರ ಹೆಸರು ಗ್ರಬ್. ಗ್ರಬ್ ಕರ್ನಲ್ಲನ್ನು ಡಿಸ್ಕಿನಿಂದ ಎತ್ತಿ ಮೆಮೊರಿಯಲ್ಲಿಟ್ಟು ಅದಕ್ಕೆ ಅಧಿಕಾರ ಕೊಟ್ಟು ನಿವೃತ್ತವಾಗುತ್ತದೆ. ಅಲ್ಲಿಯವರೆಗೆ ಪರದೆಯ ಮೇಲೆ ಚಿತ್ರ ಮೂಡಿಸುತ್ತಿದ್ದುದು ಫರ್ಮ್‌ವೇರ್ ಸಿದ್ಧಪಡಿಸಿದ ಸರಳ ವ್ಯವಸ್ಥೆ. ಕರ್ನಲ್ ಬಂದ ಮೇಲೆ ಗ್ರಾಫಿಕ್ಸ್ ಕಾರ್ಡಿನ ಚಾಲಕ ಪ್ರೋಗ್ರಾಮು, ಅಂದರೆ ಡ್ರೈವರ್, ಪರದೆಯನ್ನು ತನ್ನ ವಶಕ್ಕೆ ತೆಗೆದುಕೊಳ್ಳುತ್ತದೆ. ಎಷ್ಟು ಗೆರೆ, ಎಷ್ಟು ಚುಕ್ಕೆ, ಸೆಕೆಂಡಿಗೆ ಎಷ್ಟು ಸಲ ಎಂದು ಹೊಸದಾಗಿ ನಿಗದಿ ಮಾಡುತ್ತದೆ. ಲಿನಕ್ಸ್‌ನಲ್ಲಿ ಈ ಕೆಲಸ ಕರ್ನಲ್ಲಿನೊಳಕ್ಕೇ ಬಂದದ್ದು 2009ರ ಆಸುಪಾಸಿನಲ್ಲಿ.

ಡಿಸ್ಕ್ ತಪಾಸಣೆ ನಡೆಯುವುದು ಹೆಚ್ಚುಕಡಿಮೆ ಇದೇ ಹೊತ್ತಿನಲ್ಲಿ. ಅದಕ್ಕೂ ಕಾರಣವಿದೆ. ಬಳಕೆಯಲ್ಲಿರುವ ಡಿಸ್ಕನ್ನು ತಪಾಸಣೆ ಮಾಡುವಂತಿಲ್ಲ. ಒಬ್ಬರು ಖಾತೆ ಬರೆಯುತ್ತಿರುವಾಗಲೇ ಇನ್ನೊಬ್ಬರು ಅದೇ ಖಾತೆಯನ್ನು ಕೂಡಿ ಕಳೆದು ನೋಡಿದರೆ ಲೆಕ್ಕ ಎಂದಿಗೂ ತಾಳೆಯಾಗದು. ಆದ್ದರಿಂದ ಮಿಕ್ಕ ಪ್ರೋಗ್ರಾಮುಗಳು ಏಳುವ ಮೊದಲೇ ತಪಾಸಣೆ ಮುಗಿಯಬೇಕು. ಹೀಗಾಗಿ ಪರದೆ ಕೈ ಬದಲಾಯಿಸುವ ಹೊತ್ತೂ ಡಿಸ್ಕಿನ ತಪಾಸಣೆಯ ಹೊತ್ತೂ ಒಂದಾಗಿಬಿಡುತ್ತವೆ. ಡ್ರೈವರಿಗೂ ಕಾರ್ಡಿಗೂ ಹೊಂದದೆ ಹೋದರೆ, ಅಥವಾ ಚಿತ್ರವು ನೀವು ಕೇಬಲ್ ಸಿಕ್ಕಿಸಿರುವ ಕಿಂಡಿಯನ್ನು ಬಿಟ್ಟು ಇನ್ನೊಂದು ಕಿಂಡಿಗೆ ಹೋದರೆ, ತಪಾಸಣೆ ಕತ್ತಲಲ್ಲೇ ನಡೆಯುತ್ತದೆ.

ಇದರ ಜೊತೆಗೆ ಸೌಂದರ್ಯದ ಆಸೆಯೂ ಸೇರಿಕೊಂಡಿದೆ. ಆರಂಭದಲ್ಲಿ ಸಾಲುಸಾಲಾಗಿ ಓಡುವ ಅಕ್ಷರಗಳನ್ನು ನೋಡಿ ಜನ ಗಾಬರಿಯಾಗುತ್ತಾರೆಂದು ಅವುಗಳನ್ನು ಮರೆಮಾಡಿ ಒಂದು ಚಂದದ ಚಿತ್ರ ತೋರಿಸುವ ಪದ್ಧತಿ ಬಂತು. ಲಿನಕ್ಸ್‌ನಲ್ಲಿ ಇದನ್ನು ಮಾಡುವ ಪ್ಲಿಮತ್ ಎಂಬ ಪ್ರೋಗ್ರಾಮು 2008ರಲ್ಲಿ ಫೆಡೋರಾ 10ರ ಜೊತೆ ಬಂದು ಮುಂದೆ ಉಬುಂಟು ಮುಂತಾದವುಗಳಲ್ಲೂ ನೆಲೆಯಾಯಿತು. ಚಿತ್ರ ಸರಿಯಾಗಿ ಮೂಡಿದರೆ ಅದರ ಕೆಳಗೆ ತಪಾಸಣೆ ಶೇಕಡಾ ಎಷ್ಟು ಮುಗಿಯಿತು ಎಂಬುದೂ ಕಾಣುತ್ತದೆ. ಚಿತ್ರ ಮೂಡದಿದ್ದರೆ? ಅಕ್ಷರಗಳನ್ನು ಮೊದಲೇ ಮರೆಮಾಡಿದ್ದಾಗಿದೆ, ಚಿತ್ರವೂ ಇಲ್ಲ. ಉಳಿಯುವುದು ಕಪ್ಪು. ನನ್ನನ್ನು ಕೇಳಿದರೆ ಗಾಬರಿ ಹುಟ್ಟಿಸುವುದರಲ್ಲಿ ಓಡುವ ಅಕ್ಷರಗಳಿಗಿಂತ ಈ ಕಪ್ಪು ಪರದೆಯೇ ಮುಂದು.

ಇನ್ನೂ ಒಂದು ಸ್ವಾರಸ್ಯವಿದೆ. ತಾನಾಗಿ ನಡೆಯುವ ತಪಾಸಣೆ ಯಾವ ಅನುಮಾನವೂ ಇಲ್ಲದ ಸಣ್ಣಪುಟ್ಟ ತಿದ್ದುಪಡಿಗಳನ್ನು ಮಾತ್ರ ತಾನೇ ಮಾಡುತ್ತದೆ. ಒಂದೇ ಬ್ಲಾಕಿಗೆ ಇಬ್ಬರು ಒಡೆಯರಿರುವಂಥ ಪ್ರಸಂಗ ಎದುರಾದರೆ ಅದು ಕೆಲಸ ನಿಲ್ಲಿಸಿ, 'ಎಫ್‌ಎಸ್‌ಸಿಕೆಯನ್ನು ನೀವೇ ನಡೆಸಿ' ಎಂಬ ಅರ್ಥದ ಇಂಗ್ಲಿಷ್ ಸಾಲೊಂದನ್ನು ಬರೆದು, ಆಜ್ಞೆಗಾಗಿ ಕಾಯುತ್ತಾ ಕೂರುತ್ತದೆ. ಆ ಸಾಲು ಕಪ್ಪು ಪರದೆಯ ಹಿಂದೆ ಇದ್ದರೆ ಏನಾಗುತ್ತದೆ ನೋಡಿ: ಯಂತ್ರ ನಿಮ್ಮ ಉತ್ತರಕ್ಕೆ ಕಾಯುತ್ತಿದೆ, ನೀವು ಯಂತ್ರಕ್ಕಾಗಿ ಕಾಯುತ್ತಿದ್ದೀರಿ. ಇಡೀ ರಾತ್ರಿ ಕಾದರೂ ಏನೂ ಆಗುವುದಿಲ್ಲ. ಆದ್ದರಿಂದ ಸುಮ್ಮನೆ ತಾಳ್ಮೆಯಿಂದ ಇರಿ ಎಂದಷ್ಟೇ ಹೇಳಿದರೆ ಸಾಲದು. ಕೆಲಸ ನಡೆಯುತ್ತಿದೆಯೋ ನಿಂತಿದೆಯೋ ಎಂದು ಕಂಡುಹಿಡಿಯಬೇಕು.

ಕಣ್ಣು, ಕಿವಿ, ಕೀಲಿಮಣೆ

ಮೊದಲು ಡಿಸ್ಕಿನ ದೀಪ ನೋಡಿ. ಮೇಜಿನ ಮೇಲಿಡುವ ಕಂಪ್ಯೂಟರುಗಳ ಮುಂಭಾಗದಲ್ಲಿ ವಿದ್ಯುತ್ತಿನ ದೀಪದ ಪಕ್ಕದಲ್ಲೇ ಸಣ್ಣದೊಂದು ದೀಪವಿರುತ್ತದೆ. ಡಿಸ್ಕು ಓದುವಾಗ ಬರೆಯುವಾಗ ಅದು ಮಿಣಕುತ್ತದೆ. ತಿರುಗುವ ಡಿಸ್ಕಾದರೆ ಪೆಟ್ಟಿಗೆಗೆ ಕಿವಿ ಹಚ್ಚಿ ಕೇಳಿ, ಒಳಗಿನ ತೋಳು ಆಚೀಚೆ ಓಡಾಡುವ ಸಣ್ಣ ಸದ್ದು ಕೇಳುತ್ತದೆ. ದೀಪ ಮಿಣಕುತ್ತಿದ್ದರೆ, ಸದ್ದು ಬರುತ್ತಿದ್ದರೆ, ತಪಾಸಣೆ ನಡೆಯುತ್ತಿರುವ ಸಂಭವವೇ ಹೆಚ್ಚು. ಬಿಡಿ, ನಡೆಯಲಿ. ತಿರುಗುವ ಭಾಗವಿಲ್ಲದ ಎಸ್‌ಎಸ್‌ಡಿಯಲ್ಲಿ ಸದ್ದಿರುವುದಿಲ್ಲ, ಈಚಿನ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಈ ದೀಪವೂ ಇಲ್ಲ. ಅಲ್ಲಿ ಬೇರೆ ದಾರಿ ನೋಡಬೇಕು.

ಕೀಲಿಮಣೆಯಲ್ಲಿ ಕ್ಯಾಪ್ಸ್ ಲಾಕ್ ಒತ್ತಿ ನೋಡಿ. ಅದರ ದೀಪ ಹತ್ತಿ ಆರುತ್ತಿದ್ದರೆ ಕರ್ನಲ್ ಜೀವಂತವಾಗಿದೆ, ನಿಮ್ಮ ಮಾತು ಕೇಳಿಸಿಕೊಳ್ಳುತ್ತಿದೆ. ಆರಂಭದ ಮೊದಲ ಕ್ಷಣಗಳಲ್ಲಿ ಇದು ಕೆಲಸ ಮಾಡದಿರಬಹುದು, ಒಂದು ನಿಮಿಷ ಬಿಟ್ಟು ಮತ್ತೆ ಪ್ರಯತ್ನಿಸಿ. ಕೆಲವು ಯಂತ್ರಗಳಲ್ಲಿ ನೀವು ಏನೂ ಒತ್ತದೆಯೇ ಆ ದೀಪ ಒಂದೇ ಸಮನೆ ಮಿಟುಕುತ್ತದೆ. ಕರ್ನಲ್ ಕೈಚೆಲ್ಲಿ ಕುಳಿತಿದೆ ಎಂಬುದರ ಗುರುತದು, ಆಗ ಕಾಯುವುದರಲ್ಲಿ ಅರ್ಥವಿಲ್ಲ.

ಬಳಿಕ ಎಸ್ಕೇಪ್ ಕೀಲಿ. ಪ್ಲಿಮತ್‌ನ ಚಿತ್ರವನ್ನು ಸರಿಸಿ ಹಿಂದಿನ ಅಕ್ಷರಗಳನ್ನು ತೋರಿಸುವ ಕೀಲಿ ಇದು. ಎಷ್ಟೋ ಸಲ ಇದೊಂದನ್ನು ಒತ್ತಿದರೆ ಸಾಕು, ಕತ್ತಲಲ್ಲಿ ನಡೆಯುತ್ತಿದ್ದ ತಪಾಸಣೆಯ ಸಾಲುಗಳು ಎದುರಿಗೆ ಬರುತ್ತವೆ.

ಮಾನಿಟರನ್ನೂ ವಿಚಾರಿಸಿಕೊಳ್ಳಬೇಕು. ಅದರ ದೀಪ ಬಣ್ಣ ಬದಲಾಯಿಸಿದ್ದರೆ, ಅಥವಾ ಸಂಕೇತ ಬರುತ್ತಿಲ್ಲ ಎಂಬ ಮಾತು ಪರದೆಯಲ್ಲಿ ತೇಲುತ್ತಿದ್ದರೆ, ಕಂಪ್ಯೂಟರಿನಿಂದ ಚಿತ್ರವೇ ಹೊರಡುತ್ತಿಲ್ಲ ಅಥವಾ ಬೇರೆ ಕಿಂಡಿಯಿಂದ ಹೊರಡುತ್ತಿದೆ. ಹಿಂಭಾಗದಲ್ಲಿ ಎರಡು ಕಿಂಡಿಗಳಿದ್ದರೆ ಕೇಬಲನ್ನು ಇನ್ನೊಂದಕ್ಕೆ ಬದಲಾಯಿಸಿ ನೋಡುವುದಕ್ಕೆ ಖರ್ಚೇನೂ ಇಲ್ಲ. ಲ್ಯಾಪ್‌ಟಾಪಾದರೆ ಕೋಣೆಯ ದೀಪ ಆರಿಸಿ, ಟಾರ್ಚನ್ನು ಓರೆಯಾಗಿ ಹಿಡಿದು ಪರದೆಯನ್ನು ನೋಡಿ. ಮಸುಕಾಗಿ ಅಕ್ಷರಗಳು ಕಂಡರೆ ಚಿತ್ರ ಇದೆ, ಹಿಂದಿನಿಂದ ಬೆಳಗುವ ದೀಪ ಮಾತ್ರ ಹೋಗಿದೆ. ಆಗ ಡಿಸ್ಕನ್ನು ದೂರುವುದು ಅನ್ಯಾಯ.

ಎಷ್ಟು ಹೊತ್ತು ಕಾಯಬೇಕು ಎಂಬುದನ್ನು ನೀವೇ ಲೆಕ್ಕ ಹಾಕಬಹುದು. ಒಂದು ಟೆರಾಬೈಟ್ ಎಂದರೆ ಹತ್ತು ಲಕ್ಷ ಮೆಗಾಬೈಟ್. ತಿರುಗುವ ಡಿಸ್ಕು ಸೆಕೆಂಡಿಗೆ ಸರಾಸರಿ 100 ಮೆಗಾಬೈಟ್ ಓದುತ್ತದೆಂದು ಇಟ್ಟುಕೊಂಡರೆ ಇಡೀ ಡಿಸ್ಕನ್ನು ಓದಲು 10,000 ಸೆಕೆಂಡು, ಅಂದರೆ ಸುಮಾರು 2 ಗಂಟೆ 47 ನಿಮಿಷ ಬೇಕು. ಸೆಕೆಂಡಿಗೆ 500 ಮೆಗಾಬೈಟ್ ಓದುವ ಎಸ್‌ಎಸ್‌ಡಿಯಾದರೆ 2,000 ಸೆಕೆಂಡು, ಅರ್ಧ ಗಂಟೆಗಿಂತ ಸ್ವಲ್ಪ ಹೆಚ್ಚು. ಸಾಮಾನ್ಯ ತಪಾಸಣೆ ಪಹಣಿಯನ್ನು ಮಾತ್ರ ನೋಡುವುದರಿಂದ ಇಷ್ಟು ಹೊತ್ತು ಹಿಡಿಯುವುದಿಲ್ಲ, ನಿಮಿಷಗಳಲ್ಲಿ ಮುಗಿಯುತ್ತದೆ. ವಿಂಡೋಸ್‌ನಲ್ಲಿ ಕೆಟ್ಟ ಜಾಗಗಳನ್ನು ಹುಡುಕುವ ತಪಾಸಣೆಯನ್ನು ಯಾರಾದರೂ ಕೇಳಿಕೊಂಡಿದ್ದರೆ ಮಾತ್ರ ಒಂದೊಂದು ಜಾಗವನ್ನೂ ಓದಬೇಕಾಗುತ್ತದೆ. ಡಿಸ್ಕು ಸವೆದಿದ್ದರೆ ಒಂದು ಕೆಟ್ಟ ಜಾಗವನ್ನು ಮತ್ತೆ ಮತ್ತೆ ಓದಲು ಹೆಣಗಿ ಇನ್ನಷ್ಟು ತಡವಾಗುತ್ತದೆ.

ಗುಂಡಿ ಒತ್ತಲೇಬೇಕಾದಾಗ

ವಿದ್ಯುತ್ ಗುಂಡಿಯನ್ನು ನಾಲ್ಕೈದು ಸೆಕೆಂಡು ಅದುಮಿ ಹಿಡಿದರೆ ಕರೆಂಟು ತಟಕ್ಕನೆ ಕಡಿಯುತ್ತದೆ. ತಪಾಸಣೆಯ ಹೆಚ್ಚಿನ ಹೊತ್ತು ಬರಿಯ ಓದಿನಲ್ಲಿ ಕಳೆಯುವುದರಿಂದ ಎಲ್ಲ ಸಲವೂ ಅನಾಹುತವಾಗುತ್ತದೆಂದು ಹೆದರಿಸುವುದಿಲ್ಲ. ಆದರೆ ತಿದ್ದುಪಡಿ ಬರೆಯುತ್ತಿರುವಾಗಲೇ ಕಡಿದರೆ ಪಹಣಿ ಮೊದಲಿಗಿಂತ ಹೆಚ್ಚು ಕೆಡಬಹುದು, ಮತ್ತು ಕಪ್ಪು ಪರದೆ ನೋಡಿ ಅದು ಓದುತ್ತಿದೆಯೋ ಬರೆಯುತ್ತಿದೆಯೋ ಹೇಳಲಾಗದು. ದೀಪ ನಿಶ್ಚಲವಾಗಿ ಅರ್ಧ ಗಂಟೆ ಕಳೆದಿದ್ದು, ಕೀಲಿಗಳಿಗೆ ಉತ್ತರವೂ ಇಲ್ಲದಿದ್ದರೆ ಮಾತ್ರ ಗುಂಡಿಯ ಯೋಚನೆ ಮಾಡಿ. ಅದಕ್ಕೂ ಮೊದಲು ಕಂಟ್ರೋಲ್, ಆಲ್ಟ್, ಡಿಲೀಟ್ ಮೂರನ್ನೂ ಒಟ್ಟಿಗೆ ಒತ್ತಿ ನೋಡಿ. ಉಬುಂಟುವಿನಲ್ಲಿ ಇನ್ನೊಂದು ಮೆಟ್ಟಿಲಿದೆ: ಆಲ್ಟ್ ಮತ್ತು ಪ್ರಿಂಟ್ ಸ್ಕ್ರೀನ್ ಕೀಲಿಗಳನ್ನು ಹಿಡಿದುಕೊಂಡು ಎಸ್, ಯು, ಬಿ ಅಕ್ಷರಗಳನ್ನು ಕೆಲವು ಸೆಕೆಂಡು ಬಿಟ್ಟು ಬಿಟ್ಟು ಒತ್ತುವುದು. ಮೆಮೊರಿಯಲ್ಲಿ ಉಳಿದಿರುವುದನ್ನು ಡಿಸ್ಕಿಗೆ ಬರೆ, ಇನ್ನು ಬರೆಯುವುದನ್ನು ನಿಲ್ಲಿಸು, ಮತ್ತೆ ಆರಂಭಿಸು ಎಂದು ಈ ಮೂರು ಅಕ್ಷರಗಳ ಅರ್ಥ.

ಮತ್ತೆ ಆರಂಭಿಸುವಾಗ ಕತ್ತಲನ್ನು ಸರಿಸಿಕೊಂಡೇ ಹೋಗೋಣ. ಹಳೆಯ ಬಯಾಸ್ ಇರುವ ಯಂತ್ರದಲ್ಲಿ ಶಿಫ್ಟ್ ಕೀಲಿಯನ್ನು ಹಿಡಿದುಕೊಂಡರೆ, ಹೊಸ ಯುಇಎಫ್‌ಐ ಯಂತ್ರದಲ್ಲಿ ಎಸ್ಕೇಪ್ ಒತ್ತಿದರೆ, ಗ್ರಬ್‌ನ ಪಟ್ಟಿ ಕಾಣುತ್ತದೆ. ಮೊದಲ ಸಾಲಿನ ಮೇಲೆ ನಿಂತು ಇ ಅಕ್ಷರ ಒತ್ತಿ. ತೆರೆಯುವ ಬರಹದಲ್ಲಿ ಲಿನಕ್ಸ್ ಎಂಬ ಪದದಿಂದ ಆರಂಭವಾಗುವ ಉದ್ದನೆಯ ಸಾಲನ್ನು ಹುಡುಕಿ. ಅದರ ಕೊನೆಯಲ್ಲಿ ಕ್ವೈಟ್, ಸ್ಪ್ಲಾಶ್ ಎಂಬ ಎರಡು ಇಂಗ್ಲಿಷ್ ಪದಗಳಿರುತ್ತವೆ. ಅಕ್ಷರಗಳನ್ನು ಅಡಗಿಸು, ಚಿತ್ರ ತೋರಿಸು ಎಂದು ಹೇಳುವವು ಇವೇ. ಎರಡನ್ನೂ ಅಳಿಸಿ ಎಫ್10 ಒತ್ತಿ. ಈಗ ಒಂದೊಂದು ಹೆಜ್ಜೆಯೂ ಪರದೆಯ ಮೇಲೆ ಸಾಲಾಗಿ ಬರುತ್ತದೆ. ಇದರ ನಂತರವೂ ಕಪ್ಪೇ ಆದರೆ ಮುಂದಿನ ಸಲ ಅದೇ ಜಾಗದಲ್ಲಿ ನೋಮೋಡ್‌ಸೆಟ್ ಎಂಬುದನ್ನು ಒಂದೇ ಪದವಾಗಿ, ಸಣ್ಣ ಅಕ್ಷರಗಳಲ್ಲಿ ಸೇರಿಸಿ. ಗ್ರಾಫಿಕ್ಸ್ ಡ್ರೈವರ್ ಪರದೆಯನ್ನು ವಶಕ್ಕೆ ತೆಗೆದುಕೊಳ್ಳದಂತೆ ಅದು ತಡೆಯುತ್ತದೆ. ಚಿತ್ರ ಒರಟಾಗಿರುತ್ತದೆ, ಆದರೆ ಇರುತ್ತದೆ. ಹೀಗೆ ಚಿತ್ರ ಬಂತೆಂದರೆ ದೋಷ ಡ್ರೈವರಿನದೇ ಹೊರತು ಡಿಸ್ಕಿನದಲ್ಲ ಎಂದು ತೀರ್ಮಾನಿಸಬಹುದು. ಇಲ್ಲಿ ಮಾಡಿದ ಬದಲಾವಣೆ ಆ ಒಂದು ಸಲಕ್ಕೆ ಮಾತ್ರ, ಆದ್ದರಿಂದ ಧೈರ್ಯವಾಗಿ ಪ್ರಯೋಗ ಮಾಡಿ.

ಸಾಲುಗಳಲ್ಲಿ ಕ್ಲೀನ್ ಎಂಬ ಪದ ಕಂಡರೆ ಲೆಕ್ಕ ಸರಿಯಿದೆ. ರಿಕವರಿಂಗ್ ಜರ್ನಲ್ ಎಂದರೆ ಕಿರ್ದಿ ನೋಡಿ ಖಾತೆ ತುಂಬುತ್ತಿದೆ. ನೀವೇ ನಡೆಸಿ ಎಂಬ ಮಾತು ಬಂದರೆ ಪೆನ್‌ಡ್ರೈವಿನಲ್ಲಿ ಲಿನಕ್ಸ್ ಹಾಕಿಕೊಂಡು ಅದರಿಂದ ಆರಂಭಿಸಿ, ಡಿಸ್ಕು ಬಳಕೆಯಲ್ಲಿಲ್ಲದಾಗ ಎಫ್‌ಎಸ್‌ಸಿಕೆ ನಡೆಸುವುದು ಒಳ್ಳೆಯದು. ಮೊದಲ ಸಲ ಎನ್ ಎಂಬ ಆಯ್ಕೆಯೊಂದಿಗೆ ನಡೆಸಿದರೆ ಅದು ಏನನ್ನೂ ಬದಲಾಯಿಸದೆ ಬರಿಯ ವರದಿ ಕೊಡುತ್ತದೆ. ತಪಾಸಣೆಯಲ್ಲಿ ಒಡೆಯರಿಲ್ಲದೆ ಸಿಕ್ಕ ಫೈಲುಗಳು ಲಾಸ್ಟ್ ಅಂಡ್ ಫೌಂಡ್ ಎಂಬ ಫೋಲ್ಡರಿನಲ್ಲಿ ಹೆಸರಿನ ಬದಲು ಅಂಕಿಗಳನ್ನು ಹೊತ್ತು ಕುಳಿತಿರುತ್ತವೆ. ಕಾಣೆಯಾದ ಅಧ್ಯಾಯ ಅಲ್ಲಿ ಸಿಕ್ಕಿದರೂ ಸಿಕ್ಕೀತು, ತೆರೆದು ನೋಡಿ.

ವಿಂಡೋಸ್ ಬಳಸುವವರಿಗೆ ಕೆಲವು ಮಾತು. ಅಲ್ಲಿ ಆರಂಭದ ತಪಾಸಣೆಗೆ ಮುನ್ನ ಎಂಟು ಹತ್ತು ಸೆಕೆಂಡುಗಳ ಅವಕಾಶವಿರುತ್ತದೆ, ಆಗ ಯಾವುದಾದರೂ ಕೀಲಿ ಒತ್ತಿದರೆ ತಪಾಸಣೆಯನ್ನು ಮುಂದಕ್ಕೆ ಹಾಕಬಹುದು. ಶೇಕಡಾ ಲೆಕ್ಕ ಒಂದೇ ಅಂಕಿಯಲ್ಲಿ ಬಹಳ ಹೊತ್ತು ನಿಲ್ಲುವುದುಂಟು, ಅದನ್ನು ಕಂಡು ಕೆಟ್ಟಿತೆಂದು ತಿಳಿಯಬೇಡಿ. ಕತ್ತಲಲ್ಲೇ ತಪಾಸಣೆ ಮುಗಿದು ಕಂಪ್ಯೂಟರ್ ತೆರೆದುಕೊಂಡರೂ ಅದರ ವರದಿ ಕಳೆದುಹೋಗುವುದಿಲ್ಲ. ಇವೆಂಟ್ ವ್ಯೂವರ್ ತೆರೆದು, ಅಪ್ಲಿಕೇಶನ್ ವಿಭಾಗದಲ್ಲಿ ವಿನ್‌ಇನಿಟ್ ಎಂಬ ಹೆಸರಿನ ಕೆಳಗೆ ನೋಡಿದರೆ ಏನೇನು ತಿದ್ದಲಾಯಿತು ಎಂಬುದೆಲ್ಲ ಬರೆದಿರುತ್ತದೆ.

ಎಲ್ಲಕ್ಕಿಂತ ಮುಖ್ಯವಾಗಿ ಒಂದು ವಿಷಯ ತಿಳಿದಿರಬೇಕು. ತಪಾಸಣೆ ಸರಿಪಡಿಸುವುದು ಪಹಣಿಯನ್ನು, ಬೆಳೆಯನ್ನಲ್ಲ. ಫೈಲ್ ಸಿಸ್ಟಂ ಒಳಗೊಳಗೆ ಹೊಂದಿಕೊಂಡಿದ್ದರೆ ಅದಕ್ಕೆ ಸಾಕು. ಅದಕ್ಕಾಗಿ ನಿಮ್ಮ ವರದಿಯ ಎರಡು ಪುಟ ಕತ್ತರಿಸಬೇಕಾಗಿ ಬಂದರೆ ಕತ್ತರಿಸುತ್ತದೆ. ಕರೆಂಟು ಹೋಗದಿದ್ದರೂ ಪ್ರತಿ ದಿನ ತಪಾಸಣೆ ಬರುತ್ತಿದ್ದರೆ, ಅಥವಾ ತಿರುಗುವ ಡಿಸ್ಕಿನಿಂದ ಟಕ್ ಟಕ್ ಎಂದು ಒಂದೇ ಲಯದಲ್ಲಿ ಸದ್ದು ಬರುತ್ತಿದ್ದರೆ, ಕೆಟ್ಟಿರುವುದು ಲೆಕ್ಕವಲ್ಲ, ಡಿಸ್ಕೇ ಇರಬಹುದು. ಆಗ ಇಡೀ ಡಿಸ್ಕನ್ನು ಓದಿಸುವ ದೀರ್ಘ ತಪಾಸಣೆ ಬೇಡ. ನಿತ್ರಾಣಗೊಂಡ ಡಿಸ್ಕಿಗೆ ಅದೇ ಕೊನೆಯ ದುಡಿಮೆಯಾಗಬಹುದು. ಮೊದಲು ಬೇಕಾದ ಫೈಲುಗಳನ್ನು ಬೇರೆ ಡಿಸ್ಕಿಗೋ ಪೆನ್‌ಡ್ರೈವಿಗೋ ನಕಲು ಮಾಡಿ. ಓದಲು ಕಷ್ಟವಾಗುತ್ತಿದ್ದರೆ ಡಿಡಿರೆಸ್ಕ್ಯೂ ಎಂಬ ಉಚಿತ ಪ್ರೋಗ್ರಾಮಿದೆ. ಸುಲಭವಾಗಿ ಓದಲು ಬರುವ ಜಾಗಗಳನ್ನು ಮೊದಲು ಎತ್ತಿಕೊಂಡು, ಹಟ ಮಾಡುವ ಜಾಗಗಳಿಗೆ ಆಮೇಲೆ ಬರುತ್ತದೆ. ಕಷ್ಟದ ಪ್ರಶ್ನೆಗಳನ್ನು ಕೊನೆಗೆ ಇಟ್ಟುಕೊಳ್ಳುವ ಜಾಣ ವಿದ್ಯಾರ್ಥಿಯ ಕ್ರಮವದು. ತಪಾಸಣೆ, ದುರಸ್ತಿ ಎಲ್ಲವನ್ನೂ ಆ ನಕಲಿನ ಮೇಲೆ ಮಾಡಿಕೊಳ್ಳಬಹುದು.

ಹೊಸ ಡಿಸ್ಕು ಕೊಳ್ಳಲು ಹೊರಡುವ ಮುನ್ನ ಕಂಪ್ಯೂಟರಿನ ಗಡಿಯಾರವನ್ನೂ ಒಮ್ಮೆ ನೋಡಿಬಿಡಿ. ಮದರ್‌ಬೋರ್ಡಿನ ಮೇಲೆ ಒಂದು ರೂಪಾಯಿ ನಾಣ್ಯದ ಆಕಾರದ 3 ವೋಲ್ಟ್ ಬ್ಯಾಟರಿಯೊಂದು ಕುಳಿತಿರುತ್ತದೆ. ಅದರ ಸಂಖ್ಯೆ ಹೆಚ್ಚಾಗಿ ಸಿಆರ್2032. ಯಂತ್ರ ಆರಿದ್ದಾಗಲೂ ಗಡಿಯಾರ ಓಡುವುದು ಅದರಿಂದ. ಅದು ಸತ್ತರೆ ಕರೆಂಟು ಹೋದಾಗಲೆಲ್ಲ ದಿನಾಂಕ ಎಷ್ಟೋ ವರ್ಷ ಹಿಂದಕ್ಕೆ ಜಾರುತ್ತದೆ. ಆಗ ತಪಾಸಣೆಯ ಪ್ರೋಗ್ರಾಮು ಡಿಸ್ಕನ್ನು ತೆರೆದು ನೋಡಿದರೆ, ಅದನ್ನು ಕೊನೆಯ ಸಲ ಬಳಸಿದ ದಿನ ಇನ್ನೂ ಬಂದೇ ಇಲ್ಲ! ಇಂಥ ವಿಚಿತ್ರ ಕಂಡು ಹಳೆಯ ಲಿನಕ್ಸ್ ವಿತರಣೆಗಳಲ್ಲಿ ತಪಾಸಣೆ ಅಲ್ಲೇ ನಿಂತು ಮನುಷ್ಯರ ಆಜ್ಞೆಗೆ ಕಾಯುತ್ತಿತ್ತು. ಈಗಿನವು ದಿನಾಂಕವನ್ನು ತಿದ್ದಿಕೊಂಡು ಮುಂದೆ ಹೋಗುತ್ತವೆ. ಬ್ಯಾಟರಿ ಕೈಗಡಿಯಾರ ರಿಪೇರಿ ಅಂಗಡಿಗಳಲ್ಲೂ ಸಿಗುತ್ತದೆ. ಮುಖ್ಯ ವಿದ್ಯುತ್ ಕೇಬಲನ್ನು ಕಿತ್ತಿಟ್ಟು, ಹಳೆಯದರ ಯಾವ ಮುಖ ಮೇಲಿತ್ತೋ ಹೊಸದರ ಅದೇ ಮುಖ ಮೇಲೆ ಬರುವಂತೆ ಕೂರಿಸಿ, ದಿನಾಂಕ ಸರಿಪಡಿಸಿದರೆ ಆಯಿತು.